ಹಾಲ್‌ನಲ್ಲಿ ಇನ್ನೂ ಜೂನ್ ಮೂವತ್ತು

ಜೂನ್ 24, ಬುಧವಾರ. ಬೆಳಿಗ್ಗೆ 8:10

ಶೇವಿಂಗ್ ಮಾಡುವಾಗ ಕೆನ್ನೆ ಕೊಯ್ದುಕೊಂಡೆ. ಶಾಸಕರ ಭವನದ ಬಿಸಿನೀರು ಮೂರನೇ ಮಹಡಿ ಹತ್ತುವಷ್ಟರಲ್ಲಿ ತಣ್ಣಗಾಗಿರುತ್ತದೆ. ದೂರು ಪುಸ್ತಕದಲ್ಲಿ ಬರೆದಿದ್ದೆ. ಉತ್ತರ ಬಂದಿದೆ: "ಮುಂದಿನ ಬಜೆಟ್ಟಿನಲ್ಲಿ ಪರಿಶೀಲಿಸಲಾಗುವುದು." ಇದೇ ವಾಕ್ಯವನ್ನು ನಾನು ಎಷ್ಟು ಜನರಿಗೆ ಬರೆದು ಕಳಿಸಿದ್ದೇನೋ ಲೆಕ್ಕವಿಲ್ಲ. ಓದಿದವರ ಮೈ ಹೇಗೆ ಉರಿದಿರಬೇಕು ಅಂತ ಇವತ್ತು ಗೊತ್ತಾಯ್ತು.

ಏಳಕ್ಕೆ ಅಕ್ಕನ ಫೋನ್. ಸೋಮ, ಬುಧ, ಶುಕ್ರ ಅವಳಿಗೆ ಡಯಾಲಿಸಿಸ್. ವ್ಯಾನ್ ಬರುವ ಮೊದಲು ಹತ್ತು ನಿಮಿಷ ನನ್ನ ತಲೆ ತಿನ್ನದಿದ್ದರೆ ಸಮಾಧಾನವಿಲ್ಲ.

"ಏನೋ, ಬಜೆಟ್ ಆಯ್ತಾ?"

"ಇಲ್ಲ ಕಣಕ್ಕ. ಚರ್ಚೆ ನಡೀತಿದೆ."

"ನಮ್ಮ ವ್ಯಾನಲ್ಲೂ ಆರು ಜನ ಬರೀ ಚರ್ಚೆನೇ ಮಾಡೋದು. ಆದ್ರೆ ನಮ್ಮ ಗಾಡಿ ಮುಂದಕ್ಕೆ ಹೋಗತ್ತೆ."

ತಾನೇ ನಕ್ಕು ಫೋನ್ ಇಟ್ಟಳು. ಅಮ್ಮ ಹೋದಾಗ ನನಗೆ ಆರು, ಅವಳಿಗೆ ಹದಿನೈದು. ಅವತ್ತಿನಿಂದ ನನ್ನನ್ನು ಬೈಯುವ ಹಕ್ಕು ಪೂರ್ತಿ ಅವಳದೇ.

ಹತ್ತಕ್ಕೆ ಮೀಟಿಂಗ್. ಮತ್ತೆ ಅದೇ ಮೂರು ಮುಖ, ಅದರಲ್ಲಿ ಒಂದು ನನ್ನದು.

ಜೂನ್ 26, ಶುಕ್ರವಾರ. ಮಧ್ಯಾಹ್ನ 2:00

ನಮ್ಮ ಸಮಿತಿ ಅಂದರೆ ಇಷ್ಟು. ನಮ್ಮ ಪಕ್ಷದಿಂದ ಕ್ಯಾಲ್ಕುಲೇಟರ್ ಮತ್ತು ನಾನು. ಎದುರು ಪಕ್ಷದಿಂದ ಮೇಷ್ಟ್ರು. ಕ್ಯಾಲ್ಕುಲೇಟರ್‌ಗೆ ಆ ಹೆಸರು ಬಂದಿದ್ದು ಲೆಕ್ಕ ಬರುತ್ತದೆ ಅಂತಲ್ಲ. ಯಾವ ಗುಂಡಿ ಒತ್ತಿದರೂ ತನ್ನ ಊರಿನ ಸ್ಟೇಡಿಯಮ್ಮೇ ಬರುತ್ತದೆ, ಅದಕ್ಕೆ. ಸ್ಟೇಡಿಯಂಗೆ ಚಾವಣಿ ಬೇಕಂತೆ. ಮೇಷ್ಟ್ರು ಹಿಂದೆ ನಿಜವಾಗಿ ಮೇಷ್ಟ್ರೇ. ಈಗಲೂ ನಮ್ಮನ್ನು ಹಿಂದಿನ ಬೆಂಚಿನವರು ಅಂದುಕೊಂಡೇ ಮಾತಾಡುತ್ತಾರೆ. ಅವರ ಊರಿಗೆ ಸೇತುವೆ ಬೇಕಂತೆ. ಸೇತುವೆ ಕೊಟ್ಟರೆ ಚಾವಣಿ, ಚಾವಣಿ ಕೊಟ್ಟರೆ ಸೇತುವೆ. ಐದು ವಾರ ಇದೇ ರಾಗ. ಸರ್ಕಾರದ ಪೂರ್ತಿ ಬಜೆಟ್ ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಆಸ್ಪತ್ರೆ, ಸ್ಕೂಲು, ಬಸ್ಸು, ನೀರು, ಎಲ್ಲ.

ಮೂವತ್ತನೇ ತಾರೀಖಿನೊಳಗೆ ಮುಗಿಯದಿದ್ದರೆ ಒಂದನೇ ತಾರೀಖಿನಿಂದ "ಅಗತ್ಯ ಸೇವೆಗಳ ಪಟ್ಟಿ"ಯಲ್ಲಿ ಇರುವವು ಮಾತ್ರ ನಡೆಯುತ್ತವೆ. ಪಟ್ಟಿ ಮಾಡುವವರು ನಾವು ಮೂವರು. ಅದಕ್ಕೂ ಒಂದು ಸಂಪ್ರದಾಯ ಇದೆ. ಎರಡೂ ಕಡೆಯವರು ಮೊದಲು ತಮ್ಮ ಕ್ಷೇತ್ರದ್ದೇ ಒಂದು ಸೇವೆಯನ್ನು "ಬೇಕಾದರೆ ಇದನ್ನು ಬಿಡೋಣ" ಅಂತ ಮೇಜಿನ ಮೇಲಿಡಬೇಕು. ಎದುರಿನವರು "ಛೆ ಛೆ, ಅದು ಇರಲಿ" ಅಂತ ವಾಪಸ್ ಕೊಡಬೇಕು. ಆಮೇಲೆ ಇಬ್ಬರೂ ಸೇರಿ, ಮೇಜಿನ ಹತ್ತಿರ ಯಾರೂ ಇಲ್ಲದ ಊರುಗಳದ್ದನ್ನು ಹೊಡೆದುಹಾಕಬೇಕು. ಹಿರಿಯರು ನಡೆಸಿಕೊಂಡು ಬಂದ ನಾಟಕ.

ಹೋದ ವರ್ಷ ಮೇಷ್ಟ್ರು ತಮ್ಮೂರಿನ ಸಾರ್ವಜನಿಕ ಓದುವ ಕೋಣೆ ಇಟ್ಟರು. ನಾನು ವಾಪಸ್ ಕೊಡಲಿಲ್ಲ. "ಆಗಲಿ, ಧನ್ಯವಾದ" ಅಂದು ಗೀಟು ಹಾಕಿಬಿಟ್ಟೆ. ಬಜೆಟ್ ಆದ ಮೇಲೂ ಫೈಲು ಎಲ್ಲೋ ಕೂತು ಏಳು ತಿಂಗಳು ಬೀಗ. ಕ್ಯಾಂಟೀನಿನಲ್ಲಿ ವಾರಗಟ್ಟಲೆ ನಗು. ಕ್ಯಾಲ್ಕುಲೇಟರ್ ನನ್ನ ಬೆನ್ನು ತಟ್ಟಿದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು "ಇರಲಿ" ಅಂದರು, ಅಷ್ಟೇ. ಆ ಮುಖ ನೆನೆದರೆ ಇವತ್ತಿಗೂ ಖುಷಿ.

ಜೂನ್ 28, ಭಾನುವಾರ. ಸಂಜೆ

ಊರಿಗೆ ಹೋಗಿ ಬಂದೆ. ಅಕ್ಕನ ಅಡುಗೆಮನೆಯಲ್ಲಿ ಕೂತು ಬೈಸಿಕೊಂಡೆ. ಕಿಡ್ನಿ ಕೆಟ್ಟ ಮೇಲೆ ದಿನಕ್ಕೆ ಅವಳಿಗೆ ಒಂದೇ ಬಾಟಲಿ ನೀರು. ಬಾಟಲಿಗೆ ಪೆನ್ನಿನಲ್ಲಿ ಗೀಟು ಎಳೆದಿದ್ದಾಳೆ — ಹನ್ನೊಂದಕ್ಕೆ ಇಲ್ಲಿ, ನಾಲ್ಕಕ್ಕೆ ಇಲ್ಲಿ. ನಾನು ಎರಡು ಲೋಟ ಗಟಗಟ ಕುಡಿದೆ. ಅವಳು ನೋಡುತ್ತಾ ಕೂತಿದ್ದಳು. ಆಮೇಲೆ ಅನ್ನಿಸಿತು, ಆಚೆ ಹೋಗಿ ಕುಡಿಯಬಹುದಿತ್ತು.

ವ್ಯಾನ್ ಡ್ರೈವರ್ ಬಂದ. ನಾಳೆ ಹತ್ತು ನಿಮಿಷ ಬೇಗ ಬರುತ್ತೇನೆ ಅಂತ ಹೇಳಲು. ನನ್ನನ್ನು ಕಂಡು ಹಲ್ಲು ಕಿರಿದ.

"ಸಾರ್, ನಲವತ್ತು ನಿಮಿಷ ಲೇಟ್ ಅಂತ ನನ್ನ ಶೀಟ್‌ಗೆ ಕೆಂಪು ಸುತ್ತಿದ್ರಿ, ನೆನಪಿದ್ಯಾ? ಹೊಸದಾಗಿ ಸೇರಿದ್ದೆ."

ನೆನಪಿತ್ತು. ರಾಜಕೀಯಕ್ಕೆ ಬರುವ ಮೊದಲು ಹನ್ನೊಂದು ವರ್ಷ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದೆ. ಗೇಟಿನ ಪಕ್ಕದ ಗೂಡು, ಒಂದು ಗಡಿಯಾರ, ಕೆಂಪು ಪೆನ್ನು. ಡ್ರೈವರುಗಳು ಚಹಾ ಕುಡಿಸಿ ನೋಡಿದರು, ಹೆದರಿಸಿ ನೋಡಿದರು. ಒಂದೇ ಒಂದು ಸುಳ್ಳು ಟೈಮ್ ಬರೆಯಲಿಲ್ಲ. ನನ್ನ ಬಾಳಿನಲ್ಲಿ ಜಂಬ ಪಡಬಹುದಾದದ್ದು ಅದೊಂದೇ.

"ಹೆಂಡ್ತಿಗೆ ಹೆರಿಗೆ ಆಗಿತ್ತು ಸಾರ್ ಅವತ್ತು" ಅಂದ ಡ್ರೈವರ್.

"ಹೇಳ್ಬೇಕಿತ್ತು."

"ಹೇಳಿದ್ದೆ. ನೀವು ಗಡಿಯಾರ ತೋರಿಸಿದ್ರಿ."

ಅಕ್ಕ ಬಿದ್ದು ಬಿದ್ದು ನಕ್ಕಳು.

ಜೂನ್ 29, ಸೋಮವಾರ. ಸಂಜೆ 6:30

ಯಾರೂ ಓದದ ಪುಸ್ತಕ ಇದು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಪಟ್ಟಿ ಮಾಡಲು ಕೂತೆವು. ನಮ್ಮ ಕಡೆಯಿಂದ ಏನಾದರೂ ಇಡಬೇಕಲ್ಲ. ಕ್ಯಾಲ್ಕುಲೇಟರ್ ತನ್ನ ಊರಿನ ಒಂದು ಬೀದಿದೀಪವನ್ನೂ ಇಡಲು ಒಪ್ಪಲಿಲ್ಲ. "ನೀವೇ ಇಡಿ ಅಣ್ಣ" ಅಂದ. ಯೋಚಿಸಿದೆ. ಯಾವುದನ್ನು ಇಟ್ಟರೆ ಎದುರಿನವರು ಮುಟ್ಟಲು ನಾಚಬೇಕು? ಡಯಾಲಿಸಿಸ್ ವ್ಯಾನ್. ರೋಗಿಗಳ ಗಾಡಿ. ಅದನ್ನು ತೆಗೆದುಕೊಳ್ಳುವಷ್ಟು ಮಾನಗೆಟ್ಟವರು ಯಾರಿದ್ದಾರೆ? ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮೇಷ್ಟ್ರು ಹಾಳೆ ಓದಿದರು. ಕನ್ನಡಕ ಸರಿಮಾಡಿಕೊಂಡರು. ಪೆನ್ನು ತೆಗೆದರು.

"ಆಗಲಿ. ಧನ್ಯವಾದ."

ಗೀಟು. ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ. ನನ್ನ ಮಾತನ್ನೇ ನನಗೆ ವಾಪಸ್ ಕೊಟ್ಟರು. ಕ್ಯಾಲ್ಕುಲೇಟರ್ ಕಿಟಕಿ ಕಡೆ ತಿರುಗಿದ. ನಗುತ್ತಿದ್ದನೋ ಏನೋ, ಭುಜ ಅಲ್ಲಾಡುತ್ತಿತ್ತು.

ನಾನು "ಮೇಷ್ಟ್ರೇ, ಅದು ತಮಾಷೆಗೆ…" ಅನ್ನಬಹುದಿತ್ತು. "ನನ್ನ ಅಕ್ಕ ಅದರಲ್ಲೇ ಹೋಗೋದು" ಅನ್ನಬಹುದಿತ್ತು. ಅಂದಿದ್ದರೆ ಕ್ಯಾಂಟೀನಿನಲ್ಲಿ ಈ ವರ್ಷದ ನಗು ನನ್ನ ಪಾಲಿಗೆ. ಸಹಿ ಹಾಕಿದೆ. ಮೂವರ ಸಹಿ ಬಿದ್ದ ಮೇಲೆ ಮೂವರೂ ಒಪ್ಪದೆ ಪಟ್ಟಿ ಬದಲಾಗುವುದಿಲ್ಲ.

ಎರಡೇ ದಿನದ ಮಾತು. ನಾಳೆ ಬಜೆಟ್ ಆದರೆ ಪಟ್ಟಿಯೇ ಬೇಕಿಲ್ಲ.

ಜೂನ್ 30, ಮಂಗಳವಾರ. ಸಂಜೆ 5:40. ಅಂದರೆ ಹೊರಗೆ 5:40

ಆಗಲಿಲ್ಲ.

ಇವತ್ತು ಐದು ಗಂಟೆಯೊಳಗೆ ಬಜೆಟ್ ಒಪ್ಪದಿದ್ದರೆ ವಿಧಾನಸಭೆಯೇ ರದ್ದು, ಎಲ್ಲರೂ ಮತ್ತೆ ಮನೆಮನೆಗೆ ಓಟು ಕೇಳಲು ಹೊರಡಬೇಕು. ಆ ಭಯ ಇದೆಯಲ್ಲ, ಅದು ಎಲ್ಲ ಪಕ್ಷಗಳನ್ನೂ ಒಂದು ಮಾಡುತ್ತದೆ. ನಾಲ್ಕು ಐವತ್ತೈದಕ್ಕೆ ಜವಾನ ಏಣಿ ತಂದ. ಹಾಲ್‌ನ ಗೋಡೆ ಗಡಿಯಾರದ ಸೆಲ್ ತೆಗೆದು ಜೇಬಿಗೆ ಹಾಕಿಕೊಂಡ. ಮೇಲೆ ಹಸಿರು ಬಟ್ಟೆ ಹೊದಿಸಿದ. ಎರಡೂ ಕಡೆಯವರು ಮೇಜು ಕುಟ್ಟಿದರು. ಇಷ್ಟು ಒಗ್ಗಟ್ಟು ವರ್ಷಕ್ಕೆ ಒಂದೇ ಸಲ ಕಾಣಸಿಗುತ್ತದೆ.

ಬಟ್ಟೆ ತೆಗೆಯುವವರೆಗೆ ದಾಖಲೆ ಪ್ರಕಾರ ಜೂನ್ ಮೂವತ್ತು, ನಾಲ್ಕು ಐವತ್ತೈದು. ಎಷ್ಟು ದಿನ ಕಚ್ಚಾಡಿದರೂ ತಡ ಆಯಿತು ಅಂತ ಯಾರೂ ಹೇಳುವಂತಿಲ್ಲ. ಒಂದು ಸಲ ಹದಿನಾರು ದಿನ ಹೀಗೇ ಇತ್ತಂತೆ. ಆದರೆ ಖಜಾನೆ ಇಲಾಖೆಗೆ ಈ ಬಟ್ಟೆ ಲೆಕ್ಕಕ್ಕಿಲ್ಲ. ಅಲ್ಲಿ ನಾಳೆ ಜುಲೈ ಒಂದು. ನಿಲ್ಲಿಸಬೇಕಾದ್ದನ್ನು ಬೆಳಿಗ್ಗೆಯೇ ನಿಲ್ಲಿಸುತ್ತಾರೆ. ನಮ್ಮ ಕುರ್ಚಿಗೆ ಒಂದು ಗಡಿಯಾರ, ಉಳಿದವರಿಗೆ ಇನ್ನೊಂದು.

ಮಾಜಿ ಟೈಮ್ ಕೀಪರ್ ನಾನು. ಹಸಿರು ಬಟ್ಟೆ ನೋಡುತ್ತಾ ಕೂತಿದ್ದೆ. ನಾನೂ ಮೇಜು ಕುಟ್ಟಿದೆ.

ಜುಲೈ 1, ಬುಧವಾರ. ಬೆಳಿಗ್ಗೆ 7:30

"ಗಾಡಿ ಬಂದಿಲ್ಲ ಕಣೋ. ಡ್ರೈವರ್ ಫೋನ್ ಮಾಡಿದ್ದ. ಪಟ್ಟಿನಲ್ಲಿ ಇಲ್ವಂತೆ. ಯಾವ ಮುಟ್ಠಾಳ ಮಾಡಿದ್ನೋ ಆ ಪಟ್ಟಿ?"

ಹೇಳಿದೆ. ನಾನೇ ಅಂದೆ.

"ಊಟ ಮಾಡ್ತಿದ್ದೀಯ ತಾನೆ ಸರಿಯಾಗಿ?" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಊರಲ್ಲಿರುವ ನನ್ನ ಕಾರು ಕಳಿಸಿದೆ. ಡಯಾಲಿಸಿಸ್ ಆದ ಮೇಲೆ ಕೂರಲು ಆಗುವುದಿಲ್ಲ, ಸೀಟು ಹಿಂದಕ್ಕೆ ಬಾಗಿಸಿ ಒರಗಬೇಕು. ಕಾರಿನಲ್ಲಿ ಇಬ್ಬರೇ ಹಿಡಿಸುತ್ತಾರೆ. ಎರಡು ಗಂಟೆ ದಾರಿ, ಎಲ್ಲರಿಗೂ ಒಂದೇ ಪಾಳಿ. ಎರಡು ಟ್ರಿಪ್ ಆಗದು.

"ನೀನು ಹೋಗು ಮೊದಲು" ಅಂದೆ.

"ಶಾಸಕನ ಅಕ್ಕ ಮುಂದಿನ ಸೀಟಲ್ಲಿ ಕೂತು ಹೋದ್ಲು ಅಂತಾನಾ? ಸುಮ್ನಿರು. ನಾನೂ ಒಂದು ಪಟ್ಟಿ ಮಾಡ್ತೀನಿ. ನಮ್ಮ ವಂಶದಲ್ಲೇ ಇದೆಯಲ್ಲ ಆ ಕೆಲಸ."

ಇವತ್ತು ಟೈಲರ್ ಮತ್ತು ಅಂಚೆಯವನ ತಾಯಿ. ಶುಕ್ರವಾರ ಇನ್ನಿಬ್ಬರು. ಸೋಮವಾರ ಐದನೆಯವರ ಜೊತೆ ಅವಳು. ತನ್ನ ಹೆಸರನ್ನು ಕೊನೆಯಲ್ಲಿ ಬರೆದುಕೊಂಡಿದ್ದಾಳೆ.

ಇನ್ನೊಂದು ಕಾರು ಬಾಡಿಗೆಗೆ ಹೇಳಬೇಕು. ಎರಡು ಕಾರಾದರೆ ಸಾಕಷ್ಟು ಸುಧಾರಿಸುತ್ತದೆ. ನಾಳೆ ಬೆಳಿಗ್ಗೆ ಮೊದಲ ಕೆಲಸ.

ಜುಲೈ 2, ಗುರುವಾರ. ಮಧ್ಯಾಹ್ನ

ಬೆಳಿಗ್ಗೆ ಎಂಟರಿಂದ ಮೀಟಿಂಗ್. ಮೇಷ್ಟ್ರನ್ನು ಕಾರಿಡಾರಿನಲ್ಲಿ ಹಿಡಿದೆ. "ವ್ಯಾನ್ ಒಂದನ್ನ ಪಟ್ಟಿಗೆ ವಾಪಸ್ ಹಾಕೋಣ."

"ಸೇತುವೆ ಆದ್ರೆ ಎಲ್ಲಾ ತಾನಾಗೇ ವಾಪಸ್ ಬರತ್ತೆ" ಅಂದರು, ಪಾಠ ಒಪ್ಪಿಸುವವರ ಹಾಗೆ.

ಕ್ಯಾಲ್ಕುಲೇಟರ್‌ನ ಹತ್ತಿರ ಹೋದೆ. ಅವನು ಚಾವಣಿಯ ನಕ್ಷೆ ಬಿಡಿಸಿದ. "ಅಣ್ಣ, ಈಗ ವ್ಯಾನ್ ಕೇಳಿದ್ರೆ ನಮಗೆ ಅವಸರ ಇದೆ ಅಂತ ಅವರಿಗೆ ಗೊತ್ತಾಗತ್ತೆ. ಚಾವಣಿ ಕೈ ಬಿಟ್ಟು ಹೋಗತ್ತೆ."

ಇಬ್ಬರೂ ಕೂತು ಬಿಸ್ಕತ್ತು ತಿಂದರು. ಒಂದೇ ತಟ್ಟೆಯಿಂದ. ಥೂ.

ಜುಲೈ 3, ಶುಕ್ರವಾರ. ಬೆಳಿಗ್ಗೆ 9:15

ಡ್ರೈವರ್ ಫೋನ್ ಮಾಡಿದ್ದ.

"ಗಾಡಿ ಡಿಪೋದಲ್ಲೇ ನಿಂತಿದೆ ಸಾರ್. ಕೀ ನನ್ನ ಹತ್ರಾನೇ ಇದೆ. ನೀವು ಹೂಂ ಅನ್ನಿ, ತೆಗೀತೀನಿ. ಆಮೇಲೆ ಮೆಮೋ ಬಂದ್ರೆ ಬರಲಿ."

"ಕೆಲ್ಸಕ್ಕೆ ಕುತ್ತು ಬರತ್ತೆ ಕಣಯ್ಯ. ಇನ್ನೆರಡು ದಿನ ತಾಳು."

ಅವನ ಕೆಲಸದ ಚಿಂತೆ ಅಂತ ಅವನು ನಂಬಿದ. ಪಾಪ, "ಥ್ಯಾಂಕ್ಸ್ ಸಾರ್" ಅಂದ. ನಿಜ ಏನು ಅಂದರೆ, ನಾನೇ ಸಹಿ ಹಾಕಿದ ಪಟ್ಟಿಯನ್ನು ನಾನೇ ಮುರಿದೆ ಅಂತ ಮೇಷ್ಟ್ರು ಹಾಲ್‌ನಲ್ಲಿ ಎದ್ದು ನಿಂತು ಹೇಳುವ ಚಿತ್ರ ಕಣ್ಣ ಮುಂದೆ ಬಂತು. ಬೇರೆಯವರನ್ನೆಲ್ಲ ಮಾನಗೆಟ್ಟವರು ಅಂತ ಬರೆಯುತ್ತಾ ಬಂದಿದ್ದೇನೆ ಇಲ್ಲಿ. ಪುಸ್ತಕ ನನ್ನದಾದ್ದರಿಂದ ನನ್ನ ಹೆಸರು ಬಿಟ್ಟು ಹೋಗಿತ್ತು.

ಜುಲೈ 6, ಸೋಮವಾರ. ಮಧ್ಯಾಹ್ನ 1:00

ಶನಿವಾರ, ಭಾನುವಾರ ಬರೆಯಲಿಲ್ಲ. ಬರೆಯಲು ಏನಿದೆ? ಹಾಲ್‌ನಲ್ಲಿ ಇನ್ನೂ ಜೂನ್ ಮೂವತ್ತು. ಹಿಂದಿನ ಬೆಂಚಿನಲ್ಲಿ ಇಬ್ಬರು ನಿದ್ದೆ ಹೊಡೆಯುತ್ತಾರೆ. ಒಬ್ಬರು ಮದುವೆಗೆ ಹೋಗಿ ಬಂದರು. ದಾಖಲೆ ಪ್ರಕಾರ ಅವರು ಎದ್ದೇ ಇಲ್ಲ.

ಇವತ್ತು ಏಳಕ್ಕೆ ಅಕ್ಕನ ಫೋನ್ ಬರಲಿಲ್ಲ. ಅವಳ ಸರದಿ ಇವತ್ತು, ಹೊರಡುವ ಗಡಿಬಿಡಿ ಇರಬೇಕು ಅಂದುಕೊಂಡೆ. ಹನ್ನೊಂದಕ್ಕೆ ನಾನೇ ಮಾಡಿದೆ. ಧ್ವನಿ ಭಾರ. ಮಾತು ನಿಧಾನ.

"ಕಾರು ಹೊರಡ್ತು ಕಣೋ, ಟೈಮಿಗೆ ಸರಿಯಾಗಿ. ನೀನು ನಿನ್ನ ಕೆಲಸ ನೋಡ್ಕೋ."

ಅಷ್ಟರಲ್ಲಿ ಕ್ಯಾಲ್ಕುಲೇಟರ್ ಬಾಗಿಲಲ್ಲಿ ಕೈ ಆಡಿಸಿದ, ಮೇಷ್ಟ್ರು ಮೆತ್ತಗಾಗಿದ್ದಾರೆ ಬನ್ನಿ ಅಂತ. ಫೋನ್ ಇಟ್ಟೆ. ಕಾರಿನಲ್ಲಿ ಅವಳೂ ಹೊರಟಿದ್ದರೆ ಹನ್ನೊಂದು ಗಂಟೆಗೆ ಆಸ್ಪತ್ರೆಯ ಮೆಷಿನ್ ಪಕ್ಕ ಇರಬೇಕಿತ್ತು. ಅವಳ ಮಾತಿನ ಹಿಂದೆ ಅಡುಗೆಮನೆಯ ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ಈಗ ಬರೆಯುವಾಗ ಹೊಳೆಯುತ್ತಿದೆ.

ಮತ್ತೆ ಮಾಡುತ್ತಿದ್ದೇನೆ. ಎತ್ತುತ್ತಿಲ್ಲ.

ಜುಲೈ 7, ಮಂಗಳವಾರ. ಸಂಜೆ 5:00

ನಿನ್ನೆ ಬೆಳಿಗ್ಗೆ ಟೈಲರ್‌ನ ಕಾಲು ಶೂ ಹಿಡಿಸದಷ್ಟು ಊದಿತ್ತಂತೆ. ಉಸಿರು ಎಳೆಯುತ್ತಿದ್ದನಂತೆ. ಅಕ್ಕ ತನ್ನ ಜಾಗಕ್ಕೆ ಅವನನ್ನು ಕೂರಿಸಿ ಕಳಿಸಿದಳು. ಅವಳಿಗೆ ಕೊನೆಯ ಡಯಾಲಿಸಿಸ್ ಆಗಿದ್ದು ಇಪ್ಪತ್ತೊಂಬತ್ತಕ್ಕೆ. ನಾನು ಸಹಿ ಹಾಕಿದ ದಿನ.

ಇವತ್ತು ಬೆಳಿಗ್ಗೆ ಡ್ರೈವರ್ ನೋಡಲು ಹೋದಾಗ ಬಾಗಿಲು ತೆಗೆಯಲೂ ಆಗಲಿಲ್ಲವಂತೆ ಅವಳಿಗೆ. ಪಕ್ಕದ ಮನೆಯವರ ಹತ್ತಿರ ಇದ್ದ ಕೀಯಿಂದ ತೆಗೆದರು. ಅವನು ಡಿಪೋಗೆ ಹೋಗಿ ವ್ಯಾನ್ ತಂದ.

"ಈ ಸಲ ನಿಮ್ಮನ್ನ ಕೇಳಲಿಲ್ಲ ಸಾರ್" ಅಂದ ಫೋನಿನಲ್ಲಿ. "ಕೇಳಿದ್ರೆ ತಾಳು ಅಂತೀರ ಅಂತ."

ಐಸಿಯು. ನಾನು ಹೊರಟೆ. ಬಾಗಿಲಲ್ಲಿ ಕ್ಯಾಲ್ಕುಲೇಟರ್ ಅಡ್ಡ ನಿಂತ. ಒಪ್ಪಂದ ಇವತ್ತೇ ಆಗತ್ತೆ, ಮೂವರಲ್ಲಿ ಒಬ್ಬ ಎದ್ದು ಹೋದರೆ ಮೇಷ್ಟ್ರೂ ಏಳುತ್ತಾರೆ, ಆಮೇಲೆ ಇನ್ನೂ ಹದಿನೈದು ದಿನ. "ವ್ಯಾನೂ ಹದಿನೈದು ದಿನ ನಿಲ್ಲತ್ತೆ ಅಣ್ಣ, ಯೋಚ್ನೆ ಮಾಡಿ." ನೀಚ. ಆದರೆ ಲೆಕ್ಕ ಸರಿಯಿತ್ತು. ಜೀವಮಾನದಲ್ಲಿ ಮೊದಲ ಸಲ ಸರಿಯಿತ್ತು.

ಕೂತೆ.

ಈ ಪುಸ್ತಕದ ಹಿಂದಿನ ಪುಟ ತಿರುವಿದೆ. ಜುಲೈ ಒಂದು: "ಇನ್ನೊಂದು ಕಾರು ಬಾಡಿಗೆಗೆ ಹೇಳಬೇಕು. ನಾಳೆ ಬೆಳಿಗ್ಗೆ ಮೊದಲ ಕೆಲಸ." ನನ್ನದೇ ಅಕ್ಷರ. ಒಂದು ಫೋನು. ಮಾಡಲಿಲ್ಲ. ಮರೆತೆ. ಅದಕ್ಕೆ ಮೇಷ್ಟ್ರು ಕಾರಣ ಅಲ್ಲ, ಬಜೆಟ್ಟೂ ಅಲ್ಲ.

ಜುಲೈ 8, ಬುಧವಾರ. ಮಧ್ಯಾಹ್ನ 12:20

ಅಕ್ಕ ಬೆಳಿಗ್ಗೆ ಆರು ನಲವತ್ತಕ್ಕೆ ಹೋದಳು. ನಾನು ಇಲ್ಲಿದ್ದೆ.

ಒಪ್ಪಂದ ಆಗಿದೆ. ಚಾವಣಿಗೆ ಒಂದು ಅಧ್ಯಯನ ಸಮಿತಿ, ಸೇತುವೆಗೆ ಒಂದು ಅಧ್ಯಯನ ಸಮಿತಿ. ಅಂದರೆ ಚಾವಣಿಯೂ ಇಲ್ಲ, ಸೇತುವೆಯೂ ಇಲ್ಲ. ಇದನ್ನು ಮೂರನೇ ವಾರದಲ್ಲೇ ನಾನು ಹೇಳಿದ್ದೆ. ಆಗ ಇಬ್ಬರೂ ಮೂಗು ಮುರಿದಿದ್ದರು. ಈಗ ಇಬ್ಬರೂ ಗೆದ್ದೆವು ಅಂತ ಕೈ ಕುಲುಕಿದರು.

ಮೇಷ್ಟ್ರು ನನ್ನ ಹತ್ತಿರ ಬಂದರು. "ನಿಮ್ಮ ಅಕ್ಕ ಅದರಲ್ಲಿ ಹೋಗ್ತಾರೆ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿದ್ರೆ ವಾಪಸ್ ಕೊಡ್ತಿದ್ರಾ?"

ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಅವರಿಗೆ ಉಗಿಯಬೇಕು ಅಂತ ಬಾಯಿ ತುಂಬ ಮಾತು ಇಟ್ಟುಕೊಂಡಿದ್ದೆ. ಅವರ ಓದುವ ಕೋಣೆಯಲ್ಲಿ ಯಾರು ಕೂರುತ್ತಿದ್ದರು, ಏಳು ತಿಂಗಳು ಅವರೆಲ್ಲ ಎಲ್ಲಿಗೆ ಹೋದರು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಸಭೆಯ ಕಾರ್ಯದರ್ಶಿ ನಡಾವಳಿ ತಂದಿಟ್ಟರು. ನಲವತ್ತು ಪುಟ. ಎಲ್ಲದರ ಮೇಲೂ ಜೂನ್ 30, ಸಂಜೆ 4:55. ಅದರಲ್ಲಿ ಒಂದು ಸಾಲು: "ಪಟ್ಟಿಯನ್ನು ಹಿಂಪಡೆಯಲಾಗಿದ್ದು, ಯಾವುದೇ ಸಾರ್ವಜನಿಕ ಸೇವೆಯಲ್ಲಿ ವ್ಯತ್ಯಯವಾಗಿರುವುದಿಲ್ಲ."

"ಮೇಡಂ, ಎಂಟು ದಿನ ವ್ಯಾನ್ ಓಡಿಲ್ಲ" ಅಂದೆ.

"ಯಾವ ಎಂಟು ದಿನ ಸಾರ್?" ಕೊಂಕಿರಲಿಲ್ಲ. ಆಯಮ್ಮ ನಿಜವಾಗಿಯೂ ಕೇಳಿದ್ದು. ಅವರ ಪುಸ್ತಕದಲ್ಲಿ ಅಂಥ ದಿನಗಳು ಇಲ್ಲ.

"ಸಹಿ ಹಾಕದೆ ಇದ್ರೆ?"

"ಒಪ್ಪಂದ ಬೀಳತ್ತೆ. ಪಟ್ಟಿ ಮುಂದುವರಿಯತ್ತೆ. ನಿಮ್ಮಿಷ್ಟ ಸಾರ್."

ಶುಕ್ರವಾರ ಇನ್ನು ಎರಡು ದಿನ. ಟೈಲರ್, ಅಂಚೆಯವನ ತಾಯಿ, ಇನ್ನು ಮೂವರು. ಅಕ್ಕನ ಪಟ್ಟಿಯಲ್ಲಿ ಅವಳಿಗಿಂತ ಮೇಲೆ ಇದ್ದ ಐದು ಹೆಸರು.

ಜೇಬಿನಲ್ಲಿ ಕೆಂಪು ಪೆನ್ನೂ ಇತ್ತು. ಅಭ್ಯಾಸ ಬಿಟ್ಟಿಲ್ಲ. ತೆಗೆದೆ, ವಾಪಸ್ ಇಟ್ಟೆ. ಅವರು ಕೊಟ್ಟ ನೀಲಿ ಪೆನ್ನಿನಲ್ಲಿ ಸಹಿ ಹಾಕಿದೆ. ನಲವತ್ತು ಪುಟಕ್ಕೂ. ಎಲ್ಲ ಕಡೆ ನಾಲ್ಕು ಐವತ್ತೈದು. ಆ ಹೊತ್ತಿನಲ್ಲಿ ಅಕ್ಕ ಅಡುಗೆಮನೆಯಲ್ಲಿ ಕೂತು ನಾಲ್ಕು ಗಂಟೆಯ ಗೀಟಿನವರೆಗೆ ನೀರು ಕುಡಿದು ಮುಗಿಸಿರುತ್ತಾಳೆ.

ಜವಾನ ಏಣಿ ಹತ್ತಿ ಬಟ್ಟೆ ತೆಗೆದ. ಸೆಲ್ ಹಾಕಿದ. ಮುಳ್ಳು ಒಮ್ಮೆ ನಡುಗಿ ಹೊರಟಿತು. ಎಲ್ಲರೂ ಮೇಜು ಕುಟ್ಟಿದರು.

ಕಾರಿಡಾರಿಗೆ ಬಂದು ಡ್ರೈವರ್‌ಗೆ ಫೋನ್ ಮಾಡಿದೆ. ಅವನು ಆಸ್ಪತ್ರೆಯಲ್ಲೇ ಇದ್ದ, ಅಕ್ಕನ ಹತ್ತಿರ.

"ಶುಕ್ರವಾರ ಗಾಡಿ ತೆಗಿ. ಆರ್ಡರ್ ಬರತ್ತೆ. ನಿನ್ನೆ ತೆಗೆದದ್ದಕ್ಕೆ ಮೆಮೋ ಇಲ್ಲ. ನಿನ್ನೆ ಅಂತ ಒಂದು ದಿನಾನೇ ಇರ್ಲಿಲ್ಲವಂತೆ."

ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದ:

"ಟ್ರಿಪ್ ಶೀಟಲ್ಲಿ ಎಷ್ಟು ಜನ ಅಂತ ಬರೀಲಿ ಸಾರ್?"

ಆರು ಅಂದೆ. ಬಾಯಿಂದ ಬಂದ ಮೇಲೆ ನೆನಪಾಯಿತು. ಐದು ಅಂತ ತಿದ್ದಿದೆ.